ಹಳೇ ಬಾಗಲಕೋಟೆಯ ಟಿಂಕರಿಂಗ್ ಉಸ್ತಾದರಿಗೆ

ಉಸ್ತಾದರೇ,

ವಿಳಾಸ ಗೊತ್ತಿಲ್ಲದ್ದರಿಂದ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಓದಿದವರಲ್ಲಿ ನಿಮ್ಮನ್ನು ಬಲ್ಲವರಿದ್ದರೆ ಮುಟ್ಟಿಸಿಯಾರು. ನಿಮ್ಮ ಪತ್ರಾಸಿನ ಶೆಡ್ಡಿದ್ದ ಓಣಿ ಹಿನ್ನೀರಿನ ಪಾಲಾಗಿ ಬಹಳ ವರ್ಷವಾಯಿತು. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಂತಾಗ ಘಟಪ್ರಭೆ ಮುಂದಕ್ಕೆ ಹೋಗಲಾರದೆ ಹಳೇ ಊರಿನ ತಗ್ಗಿನ ಓಣಿಗಳಿಗೆ ಹರಡಿಕೊಳ್ಳುತ್ತದೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಅಲ್ಲಿಂದ ಊರು ಮುಳುಗತೈತಂತ, ಮುಳುಗತೈತಂತ ಅನ್ನುತ್ತಲೇ ಒಂದು ತಲೆಮಾರು ಮುಪ್ಪಾಯಿತು. ಕಡೆಗೆ ನೀರು ಬಂದಾಗ ಅಂಗಡಿಕಾರರೆಲ್ಲ ಒಂದೇ ಕಡೆಗೆ ಹೋಗಲಿಲ್ಲ. ನವನಗರದ ಗ್ಯಾರೇಜುಗಳಲ್ಲಿ ನಿಮ್ಮನ್ನು ಕೇಳಿದ್ದೇನೆ. ಸೊಲ್ಲಾಪುರಕ್ಕೆ ಹೋದರು ಅಂದವರಿದ್ದಾರೆ, ಹೊಸಪೇಟೆಯ ಮಗಳ ಮನೆ ಸೇರಿದರು ಅಂದವರಿದ್ದಾರೆ. ಖಾತ್ರಿಯಾಗಿ ಹೇಳಿದವರು ಒಬ್ಬರೂ ಇಲ್ಲ.

ಮೊದಲು ಗಾಡಿಯ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಅಪ್ಪಾರ ಟಾಟಾ ಮೊಬೈಲ್ ಇನ್ನೂ ಓಡುತ್ತಿದೆ. ಟಾಟಾದವರು 1988ರಲ್ಲಿ ಹೊರತಂದ ಆ ಪಿಕಪ್ಪುಗಳು ನಮ್ಮ ಕಡೆ ಈಗ ಕಣ್ಣಿಗೆ ಬೀಳುವುದು ಅಪರೂಪ. ನಂಬರ್ ಪ್ಲೇಟ್ ಈಗಲೂ ಕೆಎ 28 ಎಂದೇ ಶುರುವಾಗುತ್ತದೆ. 1997ರ ಆಗಸ್ಟ್ 15ಕ್ಕೆ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ಮುಂಚಿನ ಗಾಡಿ ಅದು, ವಿಜಾಪುರದ ರಜಿಸ್ಟ್ರಿ. ಚೆಕ್‌ಪೋಸ್ಟಿನಲ್ಲಿ ಹೊಸ ಹುಡುಗರು ಪ್ಲೇಟು ನೋಡಿ, ಗಾಡಿ ನೋಡಿ, ಬಗ್ಗಿ ಅಡಿಯನ್ನೂ ನೋಡುತ್ತಾರೆ. ಅಡಿಯಲ್ಲಿ ನೀವು ಹಾಕಿದ ಬೆಸುಗೆ ಹಾಗೇ ಇದೆ.

ಈಗ ಥಂಡಿ ಬಿತ್ತು. ಗಾಡಿಯ ಮೈಗೆ ಕಷ್ಟದ ತಿಂಗಳುಗಳು ಶುರುವಾದವು. ನೀವು ಕಲಿಸಿದ್ದನ್ನೆಲ್ಲ ಈ ನೆವದಲ್ಲಿ ಬರೆದಿಡಬೇಕೆನ್ನಿಸಿತು. ಯಾಕೆಂದರೆ ಹಳೇ ಪಿಕಪ್ ಇಟ್ಟುಕೊಂಡು ಹೊಟ್ಟೆ ಹೊರೆಯುವವರು ಹುನಗುಂದ, ಇಳಕಲ್ಲು, ಬಾದಾಮಿಯ ಸುತ್ತ ಇನ್ನೂ ಇದ್ದಾರೆ. ಅವರ ಗಾಡಿಗಳು ಎಂಜಿನ್ ಕೆಟ್ಟು ಮೂಲೆ ಸೇರುತ್ತಿಲ್ಲ, ತಳ ಹೋಗಿ ಸೇರುತ್ತಿವೆ.

ಹೊರಗಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಮಳೆಗೆ ಬಾಯಿ ಬಿಡುವ ಸೀಮೆಯಲ್ಲಿ ಎಂಥ ತುಕ್ಕು ಅನ್ನುತ್ತಾರೆ. ಇಳಕಲ್ಲಿನ ನನ್ನ ಸೋದರಮಾವನ ಮಗ ಟೊರಾಂಟೊದಲ್ಲಿದ್ದಾನೆ. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಆ ಉಪ್ಪುನೀರು ಗಾಡಿಯ ಹೊಟ್ಟೆಗೆಲ್ಲ ಎರಚುತ್ತದೆ. ಚಳಿ ಶುರುವಾಗುವ ಮುಂಚೆ ಗಾಡಿಯ ಅಡಿಗೆ, ಬಾಗಿಲ ಒಳಗೆ, ಚಾಸಿಯ ಪೊಳ್ಳಿಗೆ ಎಣ್ಣೆ ಸಿಂಪಡಿಸುವ ಅಂಗಡಿಗಳೇ ಅಲ್ಲಿವೆಯಂತೆ, ಪ್ರತಿ ವರ್ಷ ಮಾಡಿಸಬೇಕಂತೆ. ಉಪ್ಪಿನ ರಸ್ತೆಗಳಲ್ಲಿ ಈ ಪಿಡುಗು ಎಷ್ಟು ದೊಡ್ಡದೆಂದರೆ, 2016ರಲ್ಲಿ ಅಮೆರಿಕದಲ್ಲಿ ಟೊಯೊಟಾ ಕಂಪನಿ ಚಾಸಿಗೆ ತುಕ್ಕು ಹಿಡಿದ ಪಿಕಪ್ಪುಗಳ ಮಾಲೀಕರ ಜೊತೆ ಕೋರ್ಟಿನಲ್ಲಿ ರಾಜಿಯಾಯಿತು. ಸುಮಾರು 15 ಲಕ್ಷ ಗಾಡಿಗಳನ್ನು ತಪಾಸಣೆ ಮಾಡಿ, ಕೆಟ್ಟವುಗಳ ಚಾಸಿಯನ್ನೇ ಬದಲಿಸಿಕೊಡುವ ಮಾತಾಯಿತು. ಒಟ್ಟು ಬೆಲೆ 340 ಕೋಟಿ ಡಾಲರ್ ತನಕ ಹೋಗಬಹುದೆಂದು ಆಗ ಲೆಕ್ಕ ಹಾಕಿದ್ದರು.

ನಮ್ಮಲ್ಲಿ ರಸ್ತೆಗೆ ಯಾರೂ ಉಪ್ಪು ಹಾಕುವುದಿಲ್ಲ. ಉಪ್ಪನ್ನು ನಾವೇ ಗಾಡಿಯ ಮೇಲೆ ಹೇರಿಕೊಂಡು ತಿರುಗುತ್ತೇವೆ. ಇದನ್ನು ನನಗೆ ಮೊದಲು ತೋರಿಸಿದವರು ನೀವು. ಕಬ್ಬಿಗೆ ಹಾಕುವ ಕೆಂಪು ಹರಳಿನ ಪೊಟ್ಯಾಷ್ ಚೀಲ ಹರಿದು ಗಾಡಿಯ ಹಿಂದಿನ ಡಾಲಾದ ಮೂಲೆಯಲ್ಲಿ ಚೆಲ್ಲಿತ್ತು. ನೀವು ಒಂದು ಹರಳನ್ನು ಬೆರಳಿಗೆ ಹಚ್ಚಿಕೊಂಡು, "ಇದು ಸುದ್ದಾ ಉಪ್ಪ ತಮ್ಮಾ, ಅಡಗಿ ಉಪ್ಪಿನ ಅಣ್ಣ" ಅಂದಿರಿ. ಮುಂದೆ ಓದಿದಾಗ ತಿಳಿಯಿತು, ಆ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡೇ ಇರುತ್ತದೆ. ಟೊರಾಂಟೊದ ರಸ್ತೆ ಉಪ್ಪಿನಲ್ಲಿ ಕಬ್ಬಿಣವನ್ನು ತಿನ್ನುವುದೂ ಅದೇ ಕ್ಲೋರೈಡು. ನಮ್ಮ ದೇಶಕ್ಕೆ ಬರುವ ಪೊಟ್ಯಾಷಿನಲ್ಲಿ ಒಂದಷ್ಟು ಕೆನಡಾದ ಗಣಿಯದ್ದೇ. ಯೂರಿಯಾ ಅಷ್ಟು ಉಗ್ರವಲ್ಲ, ಆದರೆ ಗಾಳಿಯ ತೇವವನ್ನು ಎಳೆದುಕೊಂಡು ಪಸೆಯಾಗಿ ಪತ್ರಾಸಿಗೆ ಅಂಟಿಕೊಳ್ಳುತ್ತದೆ. ಚೀಲ ಇಳಿಸಿದ ಮೇಲೆ ಕಸಬರಿಗೆಯಿಂದ ಗುಡಿಸಿ ಬಿಟ್ಟರೆ ಸಾಲದು ಎಂದು ನೀವು ಹಟ ಹಿಡಿಯುತ್ತಿದ್ದುದು ಇದಕ್ಕೇ.

ಇನ್ನು ಬೆಲ್ಲ. ಮಹಾಲಿಂಗಪುರದ ಪೇಟೆಗೆ ಪೆಂಟೆ ಹಾಕಿಕೊಂಡು ಹೋಗಿ ಬಂದ ಗಾಡಿಯ ತಳದಲ್ಲಿ ಬೆಲ್ಲದ ಚೂರು ಇಬ್ಬನಿಗೆ ಕರಗಿ, ಬಿಸಿಲಿಗೆ ಹುಳಿತು, ಆಮ್ಲವಾಗುತ್ತದೆ. ಆಂಧ್ರದ ಕಲಮ್‌ಕಾರಿಯವರು ಕಪ್ಪು ಬಣ್ಣ ಮಾಡುವುದೇ ಹೀಗೆ. ಹಳೇ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ನೆನೆಸಿ ಹುಳಿಸುತ್ತಾರೆ, ಕಬ್ಬಿಣ ಕರಗಿ ನೀರಿಗಿಳಿಯುತ್ತದೆ. ಅವರು ಮಡಕೆಯಲ್ಲಿ ಬೇಕೆಂದೇ ಮಾಡುವ ಕೆಲಸವನ್ನು ನಾವು ಗೊತ್ತಿಲ್ಲದೆ ಡಾಲಾದ ಸಂದಿಯಲ್ಲಿ ಮಾಡಿಸುತ್ತೇವೆ. ಬೀಜದ ಕಬ್ಬು ಹೇರಿದಾಗ ಸೋರುವ ರಸದ ಕಥೆಯೂ ಇದೇ. ಹಿನ್ನೀರಿನ ಮೀನು ಹೇರುವವರ ಗಾಡಿಗಳ ಮಾತು ಕೇಳಬೇಡಿ, ಐಸು ಕರಗಿದ ನೀರು ಹಗಲೂ ರಾತ್ರಿ ಹನಿಯುತ್ತಿರುತ್ತದೆ. ಇಳಕಲ್ಲಿನ ಗ್ರಾನೈಟ್ ಯೂನಿಟ್ಟುಗಳಿಂದ ಚಪ್ಪಡಿ ತರುವಾಗ ಕಲ್ಲು ಕೊಯ್ದ ನೀರಿನ ರಾಡಿ ಜೊತೆಗೇ ಬರುತ್ತದೆ. ಕಲ್ಲಿನ ಹಿಟ್ಟು ಕಬ್ಬಿಣವನ್ನು ತಿನ್ನುವುದಿಲ್ಲ, ಆದರೆ ಮೂಲೆಯಲ್ಲಿ ಮೆತ್ತಿಕೊಂಡು ಹಸಿಯನ್ನು ಬಿಟ್ಟುಕೊಡುವುದಿಲ್ಲ.

ಎಲ್ಲಕ್ಕಿಂತ ಹಟಮಾರಿ ನಮ್ಮ ಎರೆಮಣ್ಣು. ಎಳ್ಳಮಾಸಿಗೆ ಚರಗ ಚೆಲ್ಲಲು ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಹೊಲಕ್ಕೆ ಹೋಗಿ ಬಂದರೆ ಸಾಕು, ಮಡ್‌ಗಾರ್ಡಿನ ಒಳಮೈಯಲ್ಲಿ, ಪಾಟಾದ ಮೇಲ್ಗಡೆ, ಚಾಸಿಯ ತೊಲೆಯ ಮೇಲೆ ಮಣ್ಣು ಹೆಪ್ಪುಗಟ್ಟಿರುತ್ತದೆ. ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಉಗುರಿನಿಂದ ಕೆದರಿದರೆ ಒಳಗೆ ಇನ್ನೂ ತಂಪು. ತೇವ ಹಿಡಿದಿಡುವ ಈ ಗುಣದಿಂದಲೇ ಹಿಂಗಾರಿ ಬಿಳಿಜೋಳ ಮಳೆಯಿಲ್ಲದೆ ಕೈಗೆ ಬರುತ್ತದೆ, ಅದೇ ಗುಣ ಗಾಡಿಯ ತೊಲೆಯನ್ನು ಕೊರೆಯುತ್ತದೆ.

ಮಳೆಗಾಲ ಬಿಟ್ಟು ಚಳಿಗಾಲವೇ ಯಾಕೆ ಕೆಟ್ಟದ್ದು ಎಂದು ನಾನು ಕೇಳಿದ್ದೆ. ಮಳೆ ತೊಳೆಯುತ್ತದೆ, ಇಬ್ಬನಿ ತೊಳೆಯುವುದಿಲ್ಲ, ಬರೀ ನೆನೆಸುತ್ತದೆ ಅಂದಿರಿ. ಇದಕ್ಕಿಂತ ಸರಿಯಾದ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಮೋಡವಿಲ್ಲದ ಡಿಸೆಂಬರ್ ರಾತ್ರಿಯಲ್ಲಿ ಬಯಲಿಗೆ ನಿಂತ ಗಾಡಿಯ ಪತ್ರಾಸು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಊರ ಗಾಳಿ ಒಣಗಿದ್ದರೂ ಬಾನೆಟ್ಟಿನ ಮೇಲೆ ಬೆಳಿಗ್ಗೆ ನೀರು ಹನಿಗಟ್ಟಿರುತ್ತದೆ. ಗಾಳಿಯಲ್ಲಿನ ತೇವ ನೂರಕ್ಕೆ ಅರವತ್ತು ದಾಟಿದರೆ ಕಬ್ಬಿಣ ತುಕ್ಕಿಗೆ ತೆರೆದುಕೊಳ್ಳುತ್ತದೆ, ಉಪ್ಪಿನಂಶ ತಗುಲಿದ್ದರೆ ಅದಕ್ಕೂ ಮುಂಚೆಯೇ. ಹಗಲು ಹೇರಿದ ಗೊಬ್ಬರದ ಧೂಳನ್ನು ರಾತ್ರಿಯ ಇಬ್ಬನಿ ನೆನೆಸುತ್ತದೆ, ಮಧ್ಯಾಹ್ನ ಒಣಗುತ್ತದೆ, ಮತ್ತೆ ರಾತ್ರಿ ನೆನೆಯುತ್ತದೆ. ಸುಗ್ಗಿಯ ಕಾಲವಾದ್ದರಿಂದ ಬಾಡಿಗೆ ಬಿಟ್ಟು ತೊಳೆಯಲು ಯಾರಿಗೂ ಪುರಸೊತ್ತಿಲ್ಲ. ಮೇಲಿಂದ ತಾಡಪತ್ರಿ ಬಿಗಿದು ಕಟ್ಟಿ ಗಾಡಿ ಕಾಪಾಡಿದೆವು ಅಂದುಕೊಳ್ಳುತ್ತೇವೆ. ನೆಲದ ಹಸಿ ಮೇಲೇರಿ ಅದರಡಿಯಲ್ಲೇ ಸೆರೆಯಾಗುತ್ತದೆ. ಗಾಡಿಗೆ ಬೇಕಾದ್ದು ಮೇಲೊಂದು ಮಾಡು, ಸುತ್ತ ಗಾಳಿ. ಬೇವಿನ ಮರದಡಿ ನಿಲ್ಲಿಸಿದರೂ ಇಬ್ಬನಿ ಎಷ್ಟೋ ಕಡಿಮೆ.

ನೀವು ಗಾಡಿ ನೋಡುತ್ತಿದ್ದ ಬಗೆ ನನಗೆ ಕಣ್ಣಿಗೆ ಕಟ್ಟಿದೆ. ಗೋಣಿತಟ್ಟು ಹಾಸಿ ಅಡಿಗೆ ಸರಿಯುತ್ತಿದ್ದಿರಿ. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ, ಕಿವಿಯ ಮೇಲೆ ಖಡುವಿನ ತುಂಡು. ಮುಂದಿನ ಬಂಪರಿನಿಂದ ಶುರುಮಾಡಿ ಚಾಸಿಯ ಉದ್ದಕ್ಕೂ ಗೇಣು ಗೇಣಿಗೆ ಒಂದು ಏಟು. ಠಣ್ ಅಂದರೆ ಮುಂದಕ್ಕೆ. ಡಬ್ ಅಂದಲ್ಲಿ ನಿಂತು, ಮತ್ತೆ ಅದರ ಆಚೀಚೆ ಬಡಿದು, ಕೆಟ್ಟ ಸದ್ದಿನ ಗಡಿ ಗೊತ್ತುಮಾಡಿಕೊಂಡು ಖಡುವಿನಿಂದ ಗುಂಡು ಗೆರೆ ಎಳೆಯುತ್ತಿದ್ದಿರಿ. ಆ ಗೆರೆಯೊಳಗೆ ಬಣ್ಣ ಚೆನ್ನಾಗಿಯೇ ಇರುತ್ತಿತ್ತು. ನೀವು ಸ್ಕ್ರೂಡ್ರೈವರ್ ಮೊನೆ ಒತ್ತಿದರೆ ಬಣ್ಣದ ಹಿಂದಿನಿಂದ ಕಂದು ಪದರುಗಳು ಒಂದರ ಮೇಲೊಂದು ಉದುರಿ ನಿಮ್ಮ ಎದೆಯ ಮೇಲೆ ಬೀಳುತ್ತಿದ್ದವು. "ಜಂಗು ಒಳಗಿಂದ ಬರತೈತಿ ತಮ್ಮಾ. ನಿನಗ ಕಾಣೂ ಹೊತ್ತಿಗೆ ಅದು ತನ್ನ ಊಟ ಮುಗಿಸಿರತೈತಿ." ಎರಡು ಪತ್ರಾಸು ಕೂಡುವ ಸಂದಿಯೇ ಅದರ ಮನೆ. ಗಾಳಿಯಾಡುವ ಹೊರಮೈಗಿಂತ ಗಾಳಿ ಕಡಿಮೆ ಸಿಗುವ ಒದ್ದೆ ಸಂದಿಯ ಕಬ್ಬಿಣವೇ ಮೊದಲು ಕರಗುತ್ತದೆ. ಕಬ್ಬಿಣ ತುಕ್ಕಾದರೆ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಆ ಉಬ್ಬರಕ್ಕೆ ಸಂದಿ ಇನ್ನಷ್ಟು ಬಾಯಿ ಬಿಟ್ಟು ಇನ್ನಷ್ಟು ನೀರು ಕುಡಿಯುತ್ತದೆ.

ಈಗ ನಿಮ್ಮ ಪದ್ಧತಿಯನ್ನು ನಾನು ಹೇಗೆ ನಡೆಸುತ್ತಿದ್ದೇನೆ ಎಂದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿರಿ.

ದೀಪಾವಳಿ ಮುಗಿದ ಕೂಡಲೇ ಗಾಡಿಯನ್ನು ರ‍್ಯಾಂಪಿಗೆ ಏರಿಸುತ್ತೇನೆ. ಬಾಗಿಲ ತಳದಲ್ಲಿ, ಡಾಲಾದ ಅಡ್ಡ ತೊಲೆಗಳಲ್ಲಿ, ಕ್ಯಾಬಿನ್ನಿನ ಅಂಚಿನಲ್ಲಿ ನೀರು ಇಳಿಯಲು ಕಂಪನಿಯವರೇ ಬಿಟ್ಟ ತೂತುಗಳನ್ನು ಸೈಕಲ್ ಕಡ್ಡಿಯಿಂದ ಬಿಡಿಸುತ್ತೇನೆ. ಅರ್ಧ ಕಾಪಾಡುವಿಕೆ ಅಲ್ಲೇ ಮುಗಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎಷ್ಟೋ ಬಾಗಿಲುಗಳು ತುಂಬಿಕೊಂಡ ಧೂಳಿನಿಂದ ತೂತು ಮುಚ್ಚಿ, ಒಳಗೆ ನಿಂತ ನೀರಿನಿಂದ ಕೆಟ್ಟವು. ಆಮೇಲೆ ಪ್ರೆಶರಿನ ನೀರು, ಮೇಲಿನಿಂದಲ್ಲ, ಚಕ್ರದ ಗೂಡಿನೊಳಗಿಂದ ಮತ್ತು ಚಾಸಿಯ ಎರಡೂ ತುದಿಯಿಂದ. ಕಡೆಯ ನೀರು ಮಾತ್ರ ಬೋರಿನದು ಬೇಡ ಎಂದು ನೀವು ಹೇಳಿದ್ದನ್ನು ಬಿಟ್ಟಿಲ್ಲ. ನಮ್ಮ ಕಡೆಯ ಎಷ್ಟೋ ಬೋರುಗಳು ಸವಳು, ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತವೆ. ಆ ಬಿಳಿಯೂ ಉಪ್ಪೇ. ಎರಡು ಕೊಡ ನಲ್ಲಿಯ ಸಿಹಿನೀರನ್ನು ಕೊನೆಗೆ ಹೊಯ್ಯುತ್ತೇನೆ. ಸಂಜೆ ತೊಳೆಯುವುದಿಲ್ಲ. ಹತ್ತು ಗಂಟೆಯೊಳಗೆ ತೊಳೆದು, ಗದ್ದನಕೇರಿ ಕ್ರಾಸಿನವರೆಗೆ ಓಡಿಸಿಕೊಂಡು ಬಂದು, ಬಾಗಿಲು ತೆರೆದಿಟ್ಟು ಬಿಸಿಲಿಗೆ ನಿಲ್ಲಿಸುತ್ತೇನೆ. ತೊಳೆದು ಹಾಗೇ ಕೊಟ್ಟಿಗೆಗೆ ಹಾಕುವುದಕ್ಕಿಂತ ತೊಳೆಯದೇ ಇರುವುದು ಮೇಲು.

ಪೂರ್ತಿ ಒಣಗಿದ ಮೇಲೆ ತಂತಿ ಬ್ರಶ್ಶು. ಸಡಿಲ ತುಕ್ಕು ಉದುರಿ, ಗಟ್ಟಿಯಾಗಿ ಕಚ್ಚಿಕೊಂಡದ್ದು ಉಳಿಯುತ್ತದೆ. ಅದಕ್ಕೆ ಫಾಸ್ಫಾರಿಕ್ ಆಮ್ಲದ ದ್ರಾವಣ ಸಿಗುತ್ತದೆ, ತುಕ್ಕನ್ನು ಫಾಸ್ಫೇಟ್ ಪದರವಾಗಿ ಮಾರ್ಪಡಿಸುತ್ತದೆ. ಟ್ಯಾನಿನ್ ಇರುವ ದ್ರಾವಣಗಳೂ ಇವೆ, ಹಚ್ಚಿದರೆ ತುಕ್ಕು ನೀಲಿಗಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಅಣ್ಣಭೇದಿ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಅದು ಒಣಗಿದ ಮೇಲೆ ಪ್ರೈಮರ್, ಮೇಲೊಂದು ಬಣ್ಣ. ಬರೀ ರೆಡ್ ಆಕ್ಸೈಡ್ ಹೊಡೆದು ಬಿಡುವ ರೂಢಿ ಎಲ್ಲ ಕಡೆ ಇದೆ. ಪ್ರೈಮರು ನೀರನ್ನು ಪೂರ್ತಿ ತಡೆಯುವುದಿಲ್ಲ, ಮೇಲಿನ ಬಣ್ಣವೇ ತಡೆಯಬೇಕು.

ಬಣ್ಣದ ಬ್ರಶ್ಶು ಹೋಗದ ಪೊಳ್ಳುಗಳಿಗೆ ಎಣ್ಣೆಯೇ ಗತಿ. ಇಲ್ಲಿ ನಿಮ್ಮ ಕಾಲದ ಒಂದು ರೂಢಿಯನ್ನು ನಾನು ಬಿಟ್ಟಿದ್ದೇನೆ, ಬೇಸರಪಡಬೇಡಿ. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ಲನ್ನು ಡೀಸೆಲ್ಲಿಗೆ ಬೆರೆಸಿ ಅಡಿಗೆಲ್ಲ ಹೊಡೆಯುವುದು ಸರ್ವಿಸ್ ಸ್ಟೇಶನ್ನುಗಳ ಹಳೇ ಪದ್ಧತಿ. ಆ ಎಣ್ಣೆಯಲ್ಲಿ ಎಂಜಿನ್ನಿನ ಆಮ್ಲವೂ ಲೋಹದ ಪುಡಿಯೂ ಸೇರಿರುತ್ತವೆ, ಬುಶ್ಶಿನ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಹನಿದದ್ದು ಮಳೆಯಲ್ಲಿ ಹೊಳೆಗೆ ಸೇರುತ್ತದೆ. ಕಾನೂನು ಅದನ್ನು ಅಪಾಯಕಾರಿ ತ್ಯಾಜ್ಯ ಎಂದೇ ಕರೆಯುತ್ತದೆ. ನಾನು ಬಳಸುವುದು ಅಗಸಿ ಎಣ್ಣೆ. ಕಾಯಿಸಿದ ಅಗಸಿ ಎಣ್ಣೆ ಗಾಳಿ ತಾಗಿದಂತೆ ಬಿಗಿದು ಪೊರೆ ಕಟ್ಟುತ್ತದೆ. ಶೇಂಗಾ ಎಣ್ಣೆ ಹಾಗೆ ಒಣಗದು, ಜಿಗಟಾಗಿ ಧೂಳು ಕೂಡಿಸುತ್ತದೆ. ನಮ್ಮ ಕುಸುಬಿಗೂ ಒಣಗುವ ಗುಣವುಂಟು. ದಖ್ಖನಿನಲ್ಲಿ ಕುಸುಬಿ ಎಣ್ಣೆಯನ್ನು ಮಂದವಾಗುವ ತನಕ ಕಾಯಿಸಿ, ನೀರಿನಲ್ಲಿ ನೆನೆಯುವ ಬಾವಿಯ ಹಗ್ಗಕ್ಕೂ ಕಪಿಲೆಯ ತೊಗಲಿಗೂ ಸವರುತ್ತಿದ್ದರು. ಎಣ್ಣೆ ಹಚ್ಚುವವರಿಗೆ ಎರಡು ಎಚ್ಚರ. ಬ್ರೇಕ್ ಡ್ರಮ್ಮಿಗೆ, ಲೈನರಿಗೆ, ಬಿಸಿಯಾಗುವ ಸೈಲೆನ್ಸರಿಗೆ ಹನಿಯೂ ತಾಗಬಾರದು. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಬಿಡಿಸಿ ಹರವಬೇಕು. ಒಣಗುವಾಗ ಅದು ಕಾವೇರುತ್ತದೆ, ಮುದ್ದೆಯಾಗಿದ್ದರೆ ತನ್ನಷ್ಟಕ್ಕೇ ಬೆಂಕಿ ಹತ್ತಿಕೊಂಡ ಉದಾಹರಣೆಗಳಿವೆ.

2019ರ ಆಗಸ್ಟಿನಲ್ಲಿ ನೀವು ಇರಬೇಕಿತ್ತು. ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಸೀಮೆಯ ಹೊಳೆದಂಡೆಯ ಊರುಗಳು ನೀರಲ್ಲಿ ನಿಂತವು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. ನೀರಿಳಿದ ಮೇಲೆ ಮನೆಮನೆಯ ಮುಂದೆ ರೇವೆ ತುಂಬಿದ ಗಾಡಿಗಳು ನಿಂತಿದ್ದವು. ಜನ ಎಂಜಿನ್ ಬಿಚ್ಚಿಸಿದರು, ಆಯಿಲ್ ಬದಲಿಸಿದರು, ಸೀಟು ಒಣಗಿಸಿದರು. ಚಾಸಿಯ ಪೊಳ್ಳಿನೊಳಗೆ, ಬಾಗಿಲ ಹೊಟ್ಟೆಯಲ್ಲಿ ಕೂತ ಹೊಳೆಯ ಮಣ್ಣನ್ನು ತೆಗೆಸಿ ಎಂದು ಹೇಳುವವರು ಇರಲಿಲ್ಲ. ಸಂತ್ರಸ್ತರಿಗೆ ಸಾಮಾನು ಸಾಗಿಸಿದ ನಮ್ಮ ಗಾಡಿಯ ತೊಲೆಗೆ ನಾನು ಪೈಪು ಹಾಕಿ, ಕೆಂಪುನೀರು ನಿಂತು ತಿಳಿನೀರು ಬರುವ ತನಕ ಬಿಟ್ಟೆ. ಆಗ ಉಳಿದ ಗಾಡಿ ಅದು. ಹಾಗೆ ಮಾಡದ ಎಷ್ಟೋ ಗಾಡಿಗಳ ಫುಟ್‌ಬೋರ್ಡು ಎರಡು ಚಳಿಗಾಲದೊಳಗೆ ಕಾಲಿಟ್ಟರೆ ಕುಸಿಯುವಂತಾದದ್ದನ್ನು ಬಾದಾಮಿಯ ಸಂತೆಯಲ್ಲಿ ಕಂಡಿದ್ದೇನೆ.

ಬಾದಾಮಿ ಅಂದಾಗ ಒಂದು ಮಾತು. ಅಗಸ್ತ್ಯತೀರ್ಥದ ಸುತ್ತಲಿನ ಬಂಡೆಗಳ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ಚಾಲುಕ್ಯರು ಗುಹೆ ಕೊರೆದ ಆ ಮರಳುಗಲ್ಲಿನಲ್ಲಿ ಅದು ಕಣಕ್ಕೆ ಕಣವನ್ನು ಅಂಟಿಸಿಯೂ ಹಿಡಿದಿದೆ. ಕಲ್ಲಿನಲ್ಲಿ ಗಟ್ಟಿ ಮಾಡುವ ಅದೇ ವಸ್ತು ಪತ್ರಾಸಿನಲ್ಲಿ ಪುಡಿಯಾಗಿ ಉದುರುತ್ತದೆ. ಬನಶಂಕರಿಗೆ ಹೋಗುವಾಗಲೆಲ್ಲ ಆ ಗುಡ್ಡ ನೋಡಿ ಇದು ಹೊಳೆಯುತ್ತದೆ.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಆಗಬೇಕು. ಎಫ್‌ಸಿ ಹತ್ತಿರ ಬಂದಾಗ ಗಾಡಿಯವರು ಓಡುವುದು ತುಕ್ಕು ತೆಗೆಸಲಿಕ್ಕಲ್ಲ, ಮುಚ್ಚಿಸಲಿಕ್ಕೆ. ಒಮ್ಮೆ ನಾನಿಲ್ಲದಾಗ ನಮ್ಮ ಹುಡುಗ ಗಾಡಿಯನ್ನು ಹೆದ್ದಾರಿ ಬದಿಯ ಒಂದು ಪೇಂಟಿಂಗ್ ಅಂಗಡಿಗೆ ಒಯ್ದಿದ್ದ. ಅವರು ತೂತಿಗೆ ಹಳೇ ಬಟ್ಟೆ ತುರುಕಿ, ಮೇಲೆ ಪುಟ್ಟಿ ಮೆತ್ತಿ, ನುಣ್ಣಗೆ ಉಜ್ಜಿ ಬಣ್ಣ ಹೊಡೆದು ಕೊಟ್ಟರು. ನೋಡಲು ಹೊಸ ಗಾಡಿ. ಬಟ್ಟೆ ಇಬ್ಬನಿ ಕುಡಿದು ಕುಡಿದು ಸುತ್ತಲಿನ ಒಳ್ಳೆಯ ಪತ್ರಾಸನ್ನೂ ಕೆಡಿಸಿತು. ಮಂದಿ ಕೂತು ಹೋಗುವ, ಟನ್ನುಗಟ್ಟಲೆ ಕಲ್ಲು ಹೊರುವ ಗಾಡಿಯ ಬಲದ ಜಾಗದಲ್ಲಿ ಹೀಗೆ ಮಾಡುವುದು ಜೀವದ ಜೊತೆ ಆಟ. ನೀವಾದರೆ ಕೆಟ್ಟ ಪತ್ರಾಸನ್ನು ಠಣ್ ಅನ್ನುವ ಜಾಗದವರೆಗೂ ಕೊಯ್ದು, ಅಷ್ಟೇ ದಪ್ಪದ ಹೊಸ ತುಂಡು ಕೂಡಿಸಿ, ಬೆಸುಗೆಯ ಹಿಂಬದಿಗೂ ಬಣ್ಣ ಮುಟ್ಟಿಸಿ ಕೊಡುತ್ತಿದ್ದಿರಿ. ದುಡ್ಡು ಕಡಿಮೆ ಬಿದ್ದರೆ, "ಮುಂದಿನ ಬಾಡಿಗಿಗೆ ಕೊಡ್ರಿ, ಕೆಲಸ ಅರ್ಧ ಮಾಡಂಗಿಲ್ಲ" ಅನ್ನುತ್ತಿದ್ದಿರಿ.

ಈ ಸಲ ಡ್ರೈವರ್ ಬದಿಯ ಬಾಗಿಲ ತಳ ಸದ್ದು ಬದಲಿಸಿದೆ. ಸುತ್ತಿಗೆ ಹಿಡಿದು ನಾನೇ ಅಡಿಗೆ ಸರಿದು ಗೆರೆ ಎಳೆದಿದ್ದೇನೆ, ನಾಲ್ಕು ಬೆರಳಗಲ, ಕೀಲಿನ ಕಡೆಗೆ ಹೋದಂತೆ ಸ್ವಲ್ಪ ಹೆಚ್ಚು. ಒಳ ಪಟ್ಟಿ ಉಳಿದಿದೆ ಅನ್ನಿಸುತ್ತದೆ, ಹೊರ ಪತ್ರಾಸು ಹೋಗಿದೆ. ತಳವಷ್ಟನ್ನೇ ಕೊಯ್ದು ತುಂಡು ಹಾಕಿಸಲೋ, ಗುಜರಿಯಲ್ಲಿ ಸಿಕ್ಕಿದ ಬೇರೆ ಗಾಡಿಯ ಇಡೀ ಬಾಗಿಲು ಹಾಕಿಸಲೋ? ಗುಜರಿಯ ಬಾಗಿಲನ್ನೂ ಬಡಿದು ನೋಡಿದೆ, ಮೇಲೆಲ್ಲ ಠಣ್, ಕಿಡಕಿಯ ರಬ್ಬರಿನ ಕೆಳಗೆ ಮಾತ್ರ ಅನುಮಾನ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರು. ಅಲ್ಲಿಂದ ಬಾಗಿಲು, ಚೌಕಟ್ಟು ಹೇರುವ ಬಾಡಿಗೆ ಒಪ್ಪಿಕೊಂಡಿದ್ದೇನೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ನೀವೇ ಬಂದರೆ ಕರೆತರಲು ಸೊಲ್ಲಾಪುರಕ್ಕಾಗಲಿ ಹೊಸಪೇಟೆಗಾಗಲಿ ಇದೇ ಗಾಡಿ ತರುತ್ತೇನೆ. ಬರಲಾಗದಿದ್ದರೆ ತುಂಡೋ ಬಾಗಿಲೋ ಅಷ್ಟನ್ನು ಯಾರ ಕೈಲಾದರೂ ಹೇಳಿ ಕಳಿಸಿರಿ.

ನಿಮ್ಮ,
ಕೆಎ 28 ಗಾಡಿಯ ಹುಡುಗ
ಬಾಗಲಕೋಟೆ